ಕವಳಿ ಬೇಲಿಯ ಬುಡ

ಧಾರವಾಡ ಜಿಲ್ಲೆಯ ಕಲಘಟಗಿ ಸೀಮೆಯಲ್ಲಿರುವ ನಮ್ಮ ಮಾವಿನ ತೋಟದ ತಂತಿ ಬೇಲಿ ತುಕ್ಕು ಹಿಡಿದು ಸಡಿಲಾದಾಗ, ಮತ್ತೆ ತಂತಿಗೆ ಹಣ ಸುರಿಯದೆ, ಗುಡ್ಡದಲ್ಲಿ ತಾನಾಗಿಯೇ ಬೆಳೆಯುವ ಕವಳಿಯನ್ನು ಬೇಲಿಗೆ ತರಲು ನಿಶ್ಚಯಿಸಿದೆ. ಕರಾವಳಿಯವರು ಕರಂಡೆ ಎನ್ನುವ ಈ ಗಿಡ ವರ್ಷವಿಡೀ ಹಸಿರಾಗಿರುತ್ತದೆ, ಮಳೆ ಕೈಕೊಟ್ಟರೂ ತಾಳಿಕೊಳ್ಳುತ್ತದೆ.

ಮೊದಲ ಸಲ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟು ಮರುವರ್ಷದ ಮುಂಗಾರಿಗೆ ಬಿತ್ತಿದೆ, ಒಂದೂ ಮೊಳೆಯಲಿಲ್ಲ. ಕವಳಿ ಬೀಜಕ್ಕೆ ಬಹುಕಾಲ ಜೀವವಿರುವುದಿಲ್ಲ. ಮುಂದಿನ ಸಲ ಚೆನ್ನಾಗಿ ಕಪ್ಪಾದ ಹಣ್ಣುಗಳನ್ನು ಹಿಸುಕಿ, ತಿರುಳು ಹೋಗುವಂತೆ ಬೀಜ ತೊಳೆದು, ಎರಡು ದಿನ ನೆರಳಲ್ಲಿ ಆರಿಸಿ, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಚೀಲಗಳಿಗೆ ಕೂಡಲೇ ಊರಿದೆ. ಮೂರು ವಾರದೊಳಗೆ ಮೊಳಕೆ ಕಾಣಿಸಿತು.

ಮರುವರ್ಷ ಮಿರಗದ ಮಳೆ ಬಿದ್ದ ಮೇಲೆ 200 ಅಡಿ ಉದ್ದಕ್ಕೆ ಒಂದು ಅಡಿ ಆಳದ ಕಾಲುವೆ ತೋಡಿ, ಎರಡು ಸಾಲುಗಳಲ್ಲಿ, ಎರಡೂವರೆ ಅಡಿಗೊಂದರಂತೆ, ಒಂದು ಸಾಲಿನ ಗಿಡ ಇನ್ನೊಂದರ ಸಂದಿಗೆ ಬರುವಂತೆ ಸುಮಾರು 160 ಸಸಿಗಳನ್ನು ನೆಟ್ಟೆ.

ಬೇಲಿಯ ಹಣೆಬರಹ ನಿರ್ಧಾರವಾಗುವುದು ಮೊದಲೆರಡು ವರ್ಷಗಳ ಕತ್ತರಿಯಲ್ಲಿ. ಬೇಗ ಎತ್ತರವಾಗಲಿ ಎಂಬ ಆಸೆಯಿಂದ ಅರ್ಧ ಭಾಗವನ್ನು ನಾನು ಮುಟ್ಟದೆ ಬಿಟ್ಟೆ. ಅಲ್ಲಿ ತಲೆ ದಟ್ಟವಾಗಿ ಬುಡ ಬೋಳಾಯಿತು, ಹಂದಿಗಳು ಆ ಕಂಡಿಗಳಿಂದಲೇ ನುಗ್ಗಿದವು. ಗಿಡ ಮೊಳಕಾಲೆತ್ತರ ಬಂದಾಗ ಒಂದು ಅಡಿಗೆ ತುದಿ ಕತ್ತರಿಸಿದ ಇನ್ನರ್ಧದಲ್ಲಿ, ಕತ್ತರಿಸಿದಲ್ಲೆಲ್ಲ ಎರಡು-ಮೂರು ಚಿಗುರೊಡೆದು, ಜೋಡಿ ಮುಳ್ಳಿನ ಟೊಂಗೆಗಳು ನೆಲದ ಹತ್ತಿರವೇ ಒಂದರೊಳಗೊಂದು ಹೆಣೆದುಕೊಂಡವು. ಕೊನೆಗೆ ಬೋಳಾದ ಗಿಡಗಳನ್ನೂ ಮಳೆಗಾಲದ ಆರಂಭದಲ್ಲಿ ಬುಡದಿಂದ ಒಂದು ಅಡಿಗೆ ಕಡಿದೆ. ಬಹುಪಾಲು ಮತ್ತೆ ಚಿಗುರಿದವು. ಕತ್ತರಿಸುವಾಗ ತೊಗಲಿನ ಕೈಗವಸು ಬೇಕೇ ಬೇಕು. ಮುಳ್ಳು ಒಂದೂವರೆ ಅಂಗುಲದಷ್ಟು ಬೆಳೆಯುತ್ತದೆ, ಕಡಿದಲ್ಲೆಲ್ಲ ಹಾಲಿನಂಥ ಸೊನೆ ಒಸರಿ ಕೈಗೆ ಅಂಟುತ್ತದೆ.

ಮೂರನೆಯ ಬೇಸಿಗೆಯಲ್ಲಿ ಮಲ್ಲಿಗೆಯಂತೆ ಕಂಪು ಬೀರುವ ಬಿಳಿ ಹೂ ಬಿಟ್ಟಿತು. ಹೂಗೊಂಚಲು ಚಿಗುರಿನ ತುದಿಯಲ್ಲೇ ಮೂಡುವುದರಿಂದ, ಚಳಿಗಾಲದಲ್ಲಿ ಕತ್ತರಿಯಾಡಿಸಿದರೆ ಆ ವರ್ಷದ ಕಾಯಿ ಕೈತಪ್ಪುತ್ತದೆ. ಆದ್ದರಿಂದ ಹಣ್ಣು ಮುಗಿದ ಮೇಲೆಯೇ ಸವರುತ್ತೇನೆ. ಅದೂ ದಾರಿಯ ಕಡೆಯ ಮುಖವನ್ನು ಪ್ರತಿ ವರ್ಷ, ತೋಟದ ಕಡೆಯದನ್ನು ವರ್ಷ ಬಿಟ್ಟು ವರ್ಷ. ಒಳಮುಖದ ಎಳೆಗಾಯಿ ಮನೆಯ ಉಪ್ಪಿನಕಾಯಿಗೆ ಸಾಲುತ್ತದೆ, ಹಣ್ಣನ್ನು ಮಕ್ಕಳಿಗಾಗಿ ಬಿಡುತ್ತೇವೆ.

ಮೂಲೆಯ ತಗ್ಗಿನಲ್ಲಿ ಮಾತ್ರ ನೀರು ನಿಂತು ಬೇರು ಕೊಳೆತು ಒಂಬತ್ತು ಗಿಡಗಳು ಸತ್ತವು. ಅಲ್ಲೀಗ ಒಂದೂವರೆ ಅಡಿ ಎತ್ತರದ ಬದು ಹಾಕಿ, ನೀರು ಹೊರಹೋಗಲು ಕಾಲುವೆ ತೆಗೆದು, ಹೊಸ ಸಸಿಗಳನ್ನು ನೆಟ್ಟಿದ್ದೇನೆ.