‘ಯಲಬುರ್ಗಾ’ ಒಡೆದು ಕಂಡರೆ: ಪೇಜ್ ಮಾಡುವಾಗ ಪರದೆಯ ಅಕ್ಷರ ನೋಡುವ ಬಗೆ

ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವ ನಮ್ಮ ಡಿಟಿಪಿ ಅಂಗಡಿ ಇರುವುದು ಕೊಪ್ಪಳದಲ್ಲಿ. ಪುಟ ಜೋಡಿಸುವುದು ಇನ್‌ಡಿಸೈನ್ ಎಂಬ ಸಾಫ್ಟ್‌ವೇರಿನಲ್ಲಿ. ಹೆಚ್ಚಿನ ಕೆಲಸ ಮದುವೆ ಕಾರ್ಡಿನದು. ಜನವರಿಯಲ್ಲಿ ಗವಿಮಠದ ಜಾತ್ರೆ ಬಂತೆಂದರೆ ಕರಪತ್ರ, ಬ್ಯಾನರು. ಹೊಸ ಫಾಂಟ್ ಹಾಕಿಕೊಂಡಾಗೆಲ್ಲ ನಾನು ಮೊದಲು ಟೈಪ್ ಮಾಡುವುದು ನಮ್ಮ ಜಿಲ್ಲೆಯ ಊರುಗಳನ್ನೇ: ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳ. ಅರ್ಕಾವೊತ್ತು, ಕೆಳಗಿನ ಒತ್ತು, ಕೊಂಬು, ಗುಡಿಸು, ದೀರ್ಘ, ಸೊನ್ನೆ ಎಲ್ಲವೂ ಈ ನಾಲ್ಕು ಹೆಸರಲ್ಲೇ ಸಿಕ್ಕಿಬಿಡುತ್ತವೆ.

ಈ ರೂಢಿ ಬಿದ್ದದ್ದು ಒಂದು ನಷ್ಟದಿಂದ. ಅಕ್ಷಯ ತೃತೀಯದ ಮದುವೆಯೊಂದರ ಕಾರ್ಡು. ಪ್ರೂಫ್ ನೋಡಿ ಒಪ್ಪಿಗೆ ಕೊಟ್ಟ ಮೇಲೆ ಹೆಣ್ಣಿನ ಕಡೆಯವರು ಫೋನ್ ಮಾಡಿ, ‘ಯಲಬುರ್ಗಾ ಬಸ್ ನಿಲ್ದಾಣದಿಂದ ವಾಹನದ ವ್ಯವಸ್ಥೆ ಇದೆ’ ಅನ್ನುವ ಸಾಲು ಸೇರಿಸಿ ಅಂದರು. ಕೆಳಗೆ ಹೊಸ ಫ್ರೇಮ್ (ಅಕ್ಷರ ಕೂರುವ ಚೌಕ) ಎಳೆದು ಟೈಪ್ ಮಾಡಿದೆ. ಅಕ್ಷರ ಒಡೆದಂತೆ ಕಂಡಿತು. ಆಗ 75 ಪರ್ಸೆಂಟ್ ವ್ಯೂನಲ್ಲಿದ್ದೆ, ‘ಇದು ಸ್ಕ್ರೀನಿನ ದೋಷ, ಪ್ರಿಂಟಿನಲ್ಲಿ ಸರಿಯಾಗಿ ಬರುತ್ತದೆ’ ಅಂದುಕೊಂಡು ಕಳಿಸಿಬಿಟ್ಟೆ. 400 ಕಾರ್ಡು ಹಾಗೇ ಅಚ್ಚಾಗಿ ಬಂದವು. ಹುಡುಗಿಯ ತಂದೆ ಕಾರ್ಡು ಕೈಯಲ್ಲಿ ಹಿಡಿದು, ‘ಅಕ್ಕಾರ, ನಮ್ಮೂರಿನ ಹೆಸರ ಹಿಂಗ್ಯಾಕ ಒಡದೈತ್ರಿ?’ ಅಂದರು. ಬೈಯಲಿಲ್ಲ. ಅಷ್ಟೂ ಕಾರ್ಡು ನನ್ನ ಖರ್ಚಿನಲ್ಲಿ ಮತ್ತೆ ಮಾಡಿಸಿದೆ.

ಅವತ್ತಿನಿಂದ ಅಕ್ಷರ ವಿಚಿತ್ರವಾಗಿ ಕಂಡರೆ ಬೇರೇನನ್ನೂ ಮುಟ್ಟದೆ ಮೊದಲು 400 ಪರ್ಸೆಂಟಿಗೆ ಜೂಮ್ ಮಾಡುತ್ತೇನೆ. ಜೂಮ್ ಮಾಡಿದಾಗ ತೊಂದರೆ ಮಾಯವಾದರೆ ಅದು ಪರದೆಯದು. ಎಷ್ಟು ದೊಡ್ಡದು ಮಾಡಿದರೂ ಹಾಗೇ ಇದ್ದರೆ ಅಚ್ಚಿನ ಪ್ಲೇಟಿನ ಮೇಲೂ ಹಾಗೇ ಬರುತ್ತದೆ.

ಪರದೆಯ ತೊಂದರೆಗೆ ಕಾರಣ ಲೆಕ್ಕದಲ್ಲೇ ಇದೆ. ಸಾಧಾರಣ ಮಾನಿಟರಿನಲ್ಲಿ ಒಂದು ಇಂಚಿಗೆ ಸುಮಾರು 96 ಚುಕ್ಕಿ. ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಪಾಲು, ಹಾಗಾಗಿ 10 ಪಾಯಿಂಟ್ ಅಕ್ಷರಕ್ಕೆ ಸಿಗುವ ಎತ್ತರ 13 ಚುಕ್ಕಿ ಮಾತ್ರ. ಇಂಗ್ಲಿಷಿಗೆ ಅಷ್ಟು ಸಾಕಾಗಬಹುದು. ‘ಷ್ಟ’ ನೋಡಿ: ಮೇಲೆ ತಲೆಕಟ್ಟು, ನಡುವೆ ಷ, ಅದರ ಹೊಟ್ಟೆಯೊಳಗಿನ ಗೆರೆ, ಕೆಳಗೆ ಟ ಒತ್ತು. ಇಷ್ಟೆಲ್ಲ 13 ಚುಕ್ಕಿಯಲ್ಲಿ ಕೂರಬೇಕು. ಒತ್ತು ಮಸಿ ಮೆತ್ತಿದಂತೆ ಕಂಡರೆ ಆಶ್ಚರ್ಯವಿಲ್ಲ. ಅದೇ ಅಕ್ಷರಕ್ಕೆ 2400 ಡಿಪಿಐ (ಇಂಚಿಗೆ 2400 ಚುಕ್ಕಿ) ಪ್ಲೇಟಿನಲ್ಲಿ 333 ಚುಕ್ಕಿ ಸಿಗುತ್ತವೆ. ಹಾಗಾಗಿ ಮಸುಕಾಗಿದೆ ಅಂತ ಫಾಂಟ್ ಬದಲಿಸಬೇಡಿ, ಬೋಲ್ಡ್ ಮಾಡಬೇಡಿ.

ಅಕ್ಷರದ ಬದಲು ಬೂದು ಪಟ್ಟಿ ಕಾಣುವುದೂ ಇದೇ ಜಾತಿಯದು. ಇನ್‌ಡಿಸೈನ್‌ನ ಟಿಪಿಕಲ್ ಡಿಸ್‌ಪ್ಲೇಯಲ್ಲಿ, ಪರದೆಯ ಮೇಲೆ 7 ಪಾಯಿಂಟಿಗಿಂತ ಚಿಕ್ಕದಾಗುವ ಅಕ್ಷರವನ್ನು ಸಾಫ್ಟ್‌ವೇರ್ ಬಿಡಿಸುವುದೇ ಇಲ್ಲ, ಪಟ್ಟಿ ಎಳೆದು ಬಿಡುತ್ತದೆ. 8 ಪಾಯಿಂಟ್ ಮ್ಯಾಟರನ್ನು 75 ಪರ್ಸೆಂಟಿನಲ್ಲಿ ನೋಡಿದರೆ ಅದು 6 ಪಾಯಿಂಟ್ ಆಯಿತಲ್ಲ. ವ್ಯೂ ಮೆನುವಿನ ಡಿಸ್‌ಪ್ಲೇ ಪರ್ಫಾರ್ಮೆನ್ಸ್‌ನಲ್ಲಿ ಹೈ ಕ್ವಾಲಿಟಿ ಆರಿಸಿ. ಹಳೇ ಕಂಪ್ಯೂಟರ್ ನಿಧಾನವಾದರೆ ಟಿಪಿಕಲ್‌ನಲ್ಲೇ ಇದ್ದು, ಪ್ರಿಫರೆನ್ಸಸ್‌ಗೆ ಹೋಗಿ ‘ಗ್ರೀಕ್ ಟೈಪ್ ಬಿಲೋ’ ಅನ್ನುವಲ್ಲಿ 7 ತೆಗೆದು 2 ಹಾಕಿ.

ಇನ್ನು ನನ್ನ ಕಾರ್ಡು ಕೆಡಿಸಿದ ತೊಂದರೆ. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಟ್ಟ ಈಗಿನ ಪದ್ಧತಿ. ಯೂನಿಕೋಡ್‌ನಲ್ಲಿ ‘ರ್ಗಾ’ ಅಂದರೆ ರ, ಅರ್ಧಾಕ್ಷರದ ಗುರುತು, ಗ, ದೀರ್ಘ ಎಂಬ ನಾಲ್ಕು ತುಂಡು, ಒಂದರ ಹಿಂದೆ ಒಂದು. ಇವನ್ನು ಕೂಡಿಸಿ, ರ-ವನ್ನು ಅರ್ಕಾವೊತ್ತು ಮಾಡಿ ‘ಗಾ’ದ ಆಚೆ ಕೂರಿಸುವ ಕೆಲಸ ಸಾಫ್ಟ್‌ವೇರಿನದು. ಇನ್‌ಡಿಸೈನ್‌ನ ಮಾಮೂಲಿ ಪ್ಯಾರಾಗ್ರಾಫ್ ಕಂಪೋಸರಿಗೆ (ಸಾಲು ಜೋಡಿಸುವ ಭಾಗ) ಅದು ಬರುವುದಿಲ್ಲ, ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರಿಗೆ ಬರುತ್ತದೆ. ಕಾರ್ಡಿನ ಉಳಿದ ಮ್ಯಾಟರಿಗೆಲ್ಲ ಎರಡನೆಯದಿತ್ತು. ಕೊನೆಗೆ ಎಳೆದ ಫ್ರೇಮಿಗೆ ಮಾತ್ರ ಮಾಮೂಲಿಯದು ಬಂದು ಕೂತಿತ್ತು. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ಇದನ್ನು ಬದಲಿಸಬಹುದು. ಅದಕ್ಕಿಂತ ಒಳ್ಳೆಯದು, ಯಾವ ಫೈಲೂ ತೆರೆದಿಲ್ಲದಾಗ ಬದಲಿಸಿಡುವುದು. ಮುಂದೆ ಮಾಡುವ ಹೊಸ ಫೈಲುಗಳಿಗೆಲ್ಲ ಅದೇ ಬರುತ್ತದೆ. ಹಳೇ ಫೈಲುಗಳಿಗೆ ಪ್ಯಾರಾಗ್ರಾಫ್ ಸ್ಟೈಲಿನ ಜಸ್ಟಿಫಿಕೇಶನ್ ವಿಭಾಗದಲ್ಲಿ ಹಾಕಿ.

ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ನಡುನಡುವೆ ತಲೆ ಮೇಲೆ ಗೆರೆ-ಚುಕ್ಕಿ ಹೊತ್ತ ಯುರೋಪಿನ ಅಕ್ಷರ ಕಂಡರೆ ಅದು ಬೇರೆ ಕಥೆ. ಗಿರಾಕಿ ತಂದದ್ದು ಹಳೇ ನುಡಿ ಅಥವಾ ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಮ್ಯಾಟರ್. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಫಾಂಟ್ ಇಲ್ಲದಿದ್ದರೆ ಮನೆಯ ಮೂಲ ಒಡೆಯ ಕಾಣಿಸಿಕೊಳ್ಳುತ್ತಾನೆ. ಇನ್‌ಡಿಸೈನ್ ಅದರ ಮೇಲೆ ಗುಲಾಬಿ ಬಣ್ಣ ಬಳಿದು ಫಾಂಟ್ ಇಲ್ಲವೆಂದು ತೋರಿಸುತ್ತದೆ. ಮತ್ತೆ ಟೈಪ್ ಮಾಡುತ್ತ ಕೂರಬೇಡಿ. ಆ ಫಾಂಟನ್ನೇ ಹಾಕಿಕೊಳ್ಳಿ, ಇಲ್ಲವೇ ನುಡಿಯ ಪರಿವರ್ತಕದಿಂದ ಯೂನಿಕೋಡ್ ಮಾಡಿ ನೋಟೋ ಸೆರಿಫ್ ಕನ್ನಡದಂಥ ಫಾಂಟ್ ಕೊಡಿ. ಪೇಜ್‌ಮೇಕರ್‌ನಲ್ಲೇ ಇರುವವರಿಗೆ ಈ ಯೂನಿಕೋಡ್ ದಾರಿ ಇಲ್ಲ. ಪುಟ ಜೋಡಿಸುವ ಆ ಹಳೇ ಸಾಫ್ಟ್‌ವೇರಿನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ, ಯೂನಿಕೋಡ್ ಕನ್ನಡ ಅದಕ್ಕೆ ಗೊತ್ತಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಮ್ಯಾಟರಿನ ಬಗ್ಗೆ ಒಂದು ಮಾತು. ‘ಗಾರ್ಡನ್‌ನಲ್ಲಿ’ ಅನ್ನುವುದು ‘ಗಾರ್ಡನ್ನಲ್ಲಿ’ ಆಗಿ ಬಂದಿರುತ್ತದೆ. ನಡುವಿನ ಕಣ್ಣಿಗೆ ಕಾಣದ ಗುರುತು, ಜೀರೋ ವಿಡ್ತ್ ನಾನ್-ಜಾಯ್ನರ್, ಅಲ್ಲಿ ಇಲ್ಲ. ಇದನ್ನು ಯಾವ ಸೆಟ್ಟಿಂಗೂ ಸರಿ ಮಾಡದು. ಓದಿ, ಕೈಯಾರೆ ಹಾಕಬೇಕು.

ಕೊನೆಗೆ ಪಿಡಿಎಫ್. ಅಕ್ರೋಬ್ಯಾಟ್‌ನಲ್ಲಿ ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ಪಟ್ಟಿ ನೋಡುತ್ತೇನೆ. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಅಂತ ಇರಬೇಕು, ಅಂದರೆ ಫಾಂಟ್ ಪಿಡಿಎಫ್‌ನೊಳಗೇ ಸೇರಿದೆ. ಔಟ್‌ಲೈನ್ ಮಾಡಿದ್ದರೆ (ಅಕ್ಷರವನ್ನು ಬರೀ ಗೆರೆಯ ಚಿತ್ರವಾಗಿಸಿದ್ದರೆ) ಅಕ್ಷರ ಪರದೆಯಲ್ಲಿ ತುಸು ದಪ್ಪ ಕಾಣುತ್ತದೆ, ಅದಕ್ಕೆ ಹೆದರುವುದಿಲ್ಲ. ಆಮೇಲೆ ಒಂದು ಪ್ರತಿ ಪ್ರಿಂಟ್ ತೆಗೆದು, ಊರಿನ ಹೆಸರನ್ನು ಆ ಊರಿನವರ ಕೈಯಲ್ಲೇ ಓದಿಸಿ, ಫೈಲನ್ನು ಅಚ್ಚಿಗೆಂದು ಗದಗಿಗೆ ಕಳಿಸುತ್ತೇನೆ.