ಮೊದಲು ಯಾರ ಹತ್ತಿರ ಹೋಗಬೇಕು? 15 ತಿಂಗಳಲ್ಲಿ ನರ್ಸಿಂಗ್ ಡಿಗ್ರಿ ಮುಗಿಸಿದ ನನ್ನ ಅನುಭವ

ನಾನು ಮೊದಲು ಓದಿದ್ದು ಎಂಜಿನಿಯರಿಂಗ್. ಅಮೆರಿಕಕ್ಕೆ ಬಂದು 9 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿದೆ. ಆಮೇಲೆ ಅಪ್ಪ ಐಸಿಯು ಸೇರಿದರು. ಹಗಲು ರಾತ್ರಿ ಅವರ ಪಕ್ಕದಲ್ಲಿ ಇದ್ದವರು ನರ್ಸ್‌ಗಳು. ಈ ಕೆಲಸ ನಾನೂ ಮಾಡಬೇಕು ಅನ್ನಿಸಿದ್ದು ಅಲ್ಲೇ.

ಬೇರೆ ವಿಷಯದಲ್ಲಿ ಡಿಗ್ರಿ ಇರುವವರಿಗೆ ಅಮೆರಿಕದಲ್ಲಿ ಆಕ್ಸಿಲರೇಟೆಡ್ ಬಿಎಸ್‌ಎನ್ ಅಂತ ಕೋರ್ಸ್ ಇದೆ, ಅಂದರೆ ಬೇಗ ಮುಗಿಯುವ ನರ್ಸಿಂಗ್ ಡಿಗ್ರಿ. 1971ರಲ್ಲಿ ಸೇಂಟ್ ಲೂಯಿಸ್ ಯೂನಿವರ್ಸಿಟಿ ಇದನ್ನು ಮೊದಲು ಶುರು ಮಾಡಿತು. ಈಗ ದೇಶದ ತುಂಬ ಇದೆ. ಹೆಚ್ಚಿನವು 11ರಿಂದ 18 ತಿಂಗಳಿನವು. ನನ್ನದು 15 ತಿಂಗಳು. ಭಾರತದಲ್ಲಿ 3 ವರ್ಷದ ಡಿಗ್ರಿ ಮಾಡಿದವರು ಒಂದು ವಿಷಯ ಗಮನಿಸಿ. ಎಲ್ಲ ಕಾಲೇಜುಗಳೂ ಅದನ್ನು ಇಲ್ಲಿನ ಡಿಗ್ರಿಗೆ ಸಮ ಎಂದು ಒಪ್ಪುವುದಿಲ್ಲ. ಅರ್ಜಿ ಫೀಸ್ ಕಟ್ಟುವ ಮೊದಲೇ ಕೇಳಿಕೊಳ್ಳಿ.

15 ತಿಂಗಳು ಅಂದರೂ ನನ್ನ ಓದು ಶುರುವಾಗಿದ್ದು ಅದಕ್ಕೂ ಒಂದೂವರೆ ವರ್ಷ ಮೊದಲು. ಅನಾಟಮಿ ಮತ್ತು ಫಿಸಿಯಾಲಜಿ ಎರಡು ಭಾಗ, ಮೈಕ್ರೋಬಯಾಲಜಿ, ಸ್ಟಾಟಿಸ್ಟಿಕ್ಸ್, ಸೈಕಾಲಜಿ, ನ್ಯೂಟ್ರಿಷನ್ ಇಷ್ಟೂ ಮೊದಲೇ ಮುಗಿಸಿರಬೇಕಿತ್ತು. ಕೆಲಸ ಬಿಡದೆ, ಸಂಜೆ ಕಮ್ಯುನಿಟಿ ಕಾಲೇಜಿಗೆ ಹೋಗಿ ಮಾಡಿದೆ. ಯೂನಿವರ್ಸಿಟಿಗಿಂತ ಅಲ್ಲಿ ಖರ್ಚು ತುಂಬ ಕಡಿಮೆ.

ಫಿಸಿಯಾಲಜಿಯನ್ನು, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಪಾಠವನ್ನು ಮಾತ್ರ ದಯವಿಟ್ಟು ಅರ್ಥ ಮಾಡಿಕೊಂಡು ಓದಿ. ಮಾರ್ಕ್ಸ್‌ಗಾಗಿ ಸುಮ್ನೆ ಉರು ಹೊಡೆಯಬೇಡಿ. ನಾನು ಕಿಡ್ನಿಯ ಪಾಠವೊಂದಕ್ಕೇ ಮೂರು ವಾರ ಕೊಟ್ಟೆ. ಸೋಡಿಯಂ ಎಲ್ಲಿ ರಕ್ತಕ್ಕೆ ವಾಪಸ್ ಹೋಗುತ್ತದೆ, ಪೊಟ್ಯಾಶಿಯಂ ಎಲ್ಲಿ ಹೊರಗೆ ಬೀಳುತ್ತದೆ ಅಂತ ಚಿತ್ರ ಬರೆದು ಬರೆದು ಕಲಿತೆ. ಮುಂದೆ ಫಾರ್ಮಕಾಲಜಿಯಲ್ಲಿ ಒಂದೇ ವಾರಕ್ಕೆ ನಲವತ್ತು ಔಷಧಿ ಬಂದಾಗ ಅದೇ ನನ್ನನ್ನು ಕಾಪಾಡಿತು. ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಕೊಟ್ಟರೆ ನೀರಿನ ಜೊತೆ ಪೊಟ್ಯಾಶಿಯಂ ಕೂಡ ಹೋಗುತ್ತದೆ ಎಂದು ಯಾರೂ ನೆನಪಿಸಬೇಕಾಗಲಿಲ್ಲ.

ಇನ್ನು ಕಾಗದಪತ್ರ. ಕ್ಲಿನಿಕಲ್, ಅಂದರೆ ಆಸ್ಪತ್ರೆಯ ತರಬೇತಿಗೆ ಹೋಗುವ ಮೊದಲು ಲಸಿಕೆಗಳ ದಾಖಲೆ ಕೊಡಬೇಕು. ಇದರಲ್ಲಿ ನಾನು ಎಡವಿದೆ. ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಮುಗಿಯಲು 6 ತಿಂಗಳು ಬೇಕು. ನಾನು ಕ್ಲಿನಿಕಲ್‌ಗೆ 4 ತಿಂಗಳಿರುವಾಗ ಎಚ್ಚೆತ್ತೆ. ಒಂದು ತಿಂಗಳ ಅಂತರದ 2 ಡೋಸ್ ಲಸಿಕೆ ಸಿಕ್ಕಿದ್ದರಿಂದ ಬಚಾವಾದೆ. ಚಿಕ್ಕಂದಿನ ಲಸಿಕೆಯ ದಾಖಲೆ ಇಲ್ಲದಿದ್ದರೆ ರಕ್ತದಲ್ಲಿ ಆಂಟಿಬಾಡಿ ನೋಡಿಸಿ. ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೆ ಟಿಬಿಯ ಚರ್ಮದ ಟೆಸ್ಟ್ ಸುಳ್ಳು ಪಾಸಿಟಿವ್ ಬರಬಹುದು, ರಕ್ತದ ಟೆಸ್ಟ್ ಮಾಡಿಸಿ ಎಂದು ಕೇಳಿ. ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎರಡನೇ ಡಿಗ್ರಿಗೆ ಸರ್ಕಾರದ ಪೆಲ್ ಗ್ರಾಂಟ್ ಎಂಬ ಓದಿನ ನೆರವು ಸಿಗುವುದಿಲ್ಲ. ಕೋರ್ಸ್ ಜೊತೆ ಕೆಲಸ ಮಾಡಲು ಆಗುವುದಿಲ್ಲ. ಅದಕ್ಕೇ ನಾನು ಮೊದಲೇ ಎರಡು ವರ್ಷ ಕೂಡಿಟ್ಟಿದ್ದೆ.

ಕೋರ್ಸ್ ಶುರುವಾದ ಐದನೇ ವಾರ ಮೊದಲ ಮೆಡಿಕಲ್ ಸರ್ಜಿಕಲ್ ಪರೀಕ್ಷೆ. ಫೇಲಾದೆ. ಇಡೀ ಅಧ್ಯಾಯ ಬಾಯಿಗೆ ಬರುತ್ತಿತ್ತು, ಆದರೂ ಫೇಲ್! ಅವತ್ತು ಕಾರಿನಲ್ಲಿ ಕೂತು ತುಂಬ ಅತ್ತೆ. ಮರುದಿನ ಟೀಚರ್ ನನ್ನ ಉತ್ತರಗಳನ್ನು ನೋಡಿ ಒಂದೇ ಮಾತು ಹೇಳಿದರು. "ನೀನು ಸರಿ ಉತ್ತರ ಹುಡುಕುತ್ತಿದ್ದೀಯ. ಇಲ್ಲಿ ನಾಲ್ಕೂ ಸರಿ. ಮೊದಲು ಯಾವುದು ಅಂತ ಕೇಳಿದ್ದಾರೆ."

ನಾಲ್ಕು ರೋಗಿಗಳಿದ್ದಾರೆ ಎಂದುಕೊಳ್ಳಿ. ಒಬ್ಬರಿಗೆ ಆಪರೇಷನ್ ಆದ ಜಾಗದಲ್ಲಿ ನೋವು. ಒಬ್ಬರು ಡಿಸ್‌ಚಾರ್ಜ್‌ಗೆ ಕಾಯುತ್ತಿದ್ದಾರೆ. ಒಬ್ಬರ ಶುಗರ್ 210. ನಾಲ್ಕನೆಯವರು ನಿನ್ನೆ ಚೆನ್ನಾಗಿದ್ದರು, ಈಗ ಯಾಕೋ ಚಡಪಡಿಸುತ್ತಿದ್ದಾರೆ. ಮೊದಲು ಯಾರ ಹತ್ತಿರ ಹೋಗಬೇಕು? ಉತ್ತರದಲ್ಲಿ ನಾನು ನೋವಿನವರ ಹತ್ತಿರ ಓಡಿದ್ದೆ. ಹೋಗಬೇಕಿದ್ದದ್ದು ಚಡಪಡಿಸುವವರ ಹತ್ತಿರ. ಆಮ್ಲಜನಕ ಕಡಿಮೆಯಾದಾಗ ಕಾಣುವ ಮೊದಲ ಲಕ್ಷಣಗಳಲ್ಲಿ ಚಡಪಡಿಕೆಯೂ ಒಂದು. ಉಸಿರು ಮೊದಲು, ನೋವು ಆಮೇಲೆ.

ಅಲ್ಲಿಂದ ನನ್ನ ಓದೇ ಬದಲಾಯಿತು. ಪುಸ್ತಕದ ಪ್ರತಿ ಸಾಲಿಗೂ ಹೈಲೈಟರ್ ಬಳಿಯುವುದು ಬಿಟ್ಟೆ. ದಿನಕ್ಕೆ 50 ಪ್ರಶ್ನೆ ಬಿಡಿಸುತ್ತಿದ್ದೆ. ತಪ್ಪಾದ ಪ್ರತಿಯೊಂದಕ್ಕೂ ಒಂದು ನೋಟ್‌ಬುಕ್‌ನಲ್ಲಿ "ನಾನು ಇದನ್ನು ಯಾಕೆ ಮೊದಲು ಆರಿಸಿದೆ" ಎಂದು ಕನ್ನಡದಲ್ಲೇ ಬರೆಯುತ್ತಿದ್ದೆ. ನನ್ನ ಭಾಷೆಯಲ್ಲಿ ಬರೆದಾಗ ತಪ್ಪು ಬೇಗ ಕಾಣುತ್ತಿತ್ತು. ರಾತ್ರಿ 11ಕ್ಕೆ ಪುಸ್ತಕ ಮುಚ್ಚುತ್ತಿದ್ದೆ, ಎಷ್ಟೇ ಬಾಕಿ ಇರಲಿ. ಎಲ್ಲವನ್ನೂ ಓದಿ ಮುಗಿಸಲು ಈ ಕೋರ್ಸಿನಲ್ಲಿ ಸಮಯವೇ ಇಲ್ಲ. ಯಾವುದನ್ನು ಬಿಡಬೇಕು ಅಂತ ಧೈರ್ಯವಾಗಿ ಆರಿಸಬೇಕು. ನನಗೆ ಅತಿ ಕಷ್ಟವಾಗಿದ್ದು ಇದೇ.

ಔಷಧಿ ಲೆಕ್ಕದಲ್ಲಿ ಮಾತ್ರ ಏನನ್ನೂ ಬಿಡುವಂತಿಲ್ಲ. 1000 ಮಿ.ಲೀ. ಸಲೈನ್ 8 ಗಂಟೆಯಲ್ಲಿ ಹೋಗಬೇಕು ಅಂದರೆ ಗಂಟೆಗೆ 125. ಮಿ.ಲೀ.ಗೆ 15 ಹನಿ ಬೀಳುವ ಸೆಟ್ ಆದರೆ ನಿಮಿಷಕ್ಕೆ 31 ಹನಿ. ಇಂಥ ಹತ್ತು ಲೆಕ್ಕ ಬೆಳಗ್ಗೆ ಕಾಫಿ ಜೊತೆ ಮಾಡುತ್ತಿದ್ದೆ. 5 ಮಿ.ಗ್ರಾಂ. ಅನ್ನು 5.0 ಎಂದು ಬರೆಯಬಾರದು, ಚುಕ್ಕಿ ಕಾಣದಿದ್ದರೆ 50 ಆಗುತ್ತದೆ. ಎಂಜಿನಿಯರ್ ಕೈಗೆ ಈ ಅಭ್ಯಾಸ ಬಿಡಿಸುವುದು ಸುಲಭ ಇರಲಿಲ್ಲ.

ಕ್ಲಿನಿಕಲ್ ದಿನ ಬೆಳಗ್ಗೆ ಆರೂವರೆಗೆ ವಾರ್ಡಿನಲ್ಲಿ ಇರಬೇಕು, 12 ಗಂಟೆ ಶಿಫ್ಟ್. ಎರಡನೇ ಸೆಮಿಸ್ಟರಿನ ಒಂದು ಬೆಳಗ್ಗೆ ಇನ್ನೂ ಕಣ್ಣ ಮುಂದೆ ಇದೆ. ಹಾರ್ಟ್ ಫೇಲ್ಯೂರ್ ಆದ ವಯಸ್ಸಾದವರೊಬ್ಬರಿಗೆ ಡಿಗಾಕ್ಸಿನ್ ಕೊಡಬೇಕಿತ್ತು. ಅದು ಹೃದಯದ ಬಡಿತ ನಿಧಾನ ಮಾಡುವ ಔಷಧಿ. ಕೊಡುವ ಮೊದಲು ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವಂತಿಲ್ಲ. 30 ಸೆಕೆಂಡಿಗೆ 30 ಬಂತು. ಮುಂದಿನ 30 ಸೆಕೆಂಡಿಗೆ 24. ಒಟ್ಟು 54. 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆಹಿಡಿಯಬೇಕು. ನನ್ನ ಜೊತೆ ಇದ್ದ ನರ್ಸ್ ತಾವೂ ಎಣಿಸಿದರು, ತಲೆ ಆಡಿಸಿದರು. "ಲ್ಯಾಬ್ ನೋಡು" ಅಂದರು. ಪೊಟ್ಯಾಶಿಯಂ 3.1, ಇರಬೇಕಾದದ್ದು 3.5ರಿಂದ 5. ಅವರಿಗೆ ಫ್ಯೂರೊಸೆಮೈಡ್ ಕೂಡ ನಡೆಯುತ್ತಿತ್ತು. ಪೊಟ್ಯಾಶಿಯಂ ಇಳಿದರೆ ಡಿಗಾಕ್ಸಿನ್ ವಿಷವಾಗುವ ಅಪಾಯ ಜಾಸ್ತಿ. ಮೂರು ವಾರ ಬರೆದ ಕಿಡ್ನಿ ಚಿತ್ರ ಆ ಹಾಸಿಗೆಯ ಮೇಲೆ ಕೂತಿತ್ತು! ಡಾಕ್ಟರಿಗೆ ಫೋನ್ ಮಾಡಿ ಹೇಳಲು ನನಗೇ ಬಿಟ್ಟರು. ಧ್ವನಿ ನಡುಗಿತು, ಆದರೆ ನಂಬರ್ ತಪ್ಪಲಿಲ್ಲ.

ಕೋರ್ಸ್ ಮುಗಿದ ಮೇಲೆ ಲೈಸೆನ್ಸ್ ಪರೀಕ್ಷೆ, ಎನ್‌ಕ್ಲೆಕ್ಸ್. ತುಂಬ ದಿನ ಬಿಡದೆ, ಆರು ವಾರದೊಳಗೆ ಬರೆದೆ. 2023ರ ಏಪ್ರಿಲ್‌ನಿಂದ ಅದರ ರೂಪ ಬದಲಾಗಿದೆ. ಕನಿಷ್ಠ 85 ಪ್ರಶ್ನೆ, ಗರಿಷ್ಠ 150, ಸಮಯ 5 ಗಂಟೆ. ಒಬ್ಬ ರೋಗಿಯ ಪೂರ್ತಿ ಕಥೆ ಕೊಟ್ಟು ಅದರ ಮೇಲೆ 6 ಪ್ರಶ್ನೆ ಕೇಳುತ್ತಾರೆ. ನಮ್ಮ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ, ನಿರ್ಧಾರವಾದ ತಕ್ಷಣ ನಿಂತುಬಿಡುತ್ತದೆ. ನನಗೆ 85ಕ್ಕೇ ಪರದೆ ಖಾಲಿಯಾಯಿತು. ಪಾಸೋ ಫೇಲೋ ಗೊತ್ತಿಲ್ಲ. ಎರಡು ದಿನ ನಿದ್ದೆ ಇಲ್ಲ.

ಫಲಿತಾಂಶ ಬಂದಾಗ ಮೊದಲು ಫೋನ್ ಮಾಡಿದ್ದು ಅಪ್ಪನಿಗೆ. "ರಾತ್ರಿ ಡ್ಯೂಟಿ ಇರುತ್ತಾ?" ಎಂದು ಕೇಳಿದರು. "ಇರುತ್ತೆ ಅಪ್ಪ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹಗಲು ಚೆನ್ನಾಗಿ ಮಲಗು" ಅಂದರು.