ಫುಡ್ ವಾಕ್‌ನಲ್ಲಿ ವೀಗನ್ ಊಟ: ಗೈಡ್‌ಗೆ ಹೀಗೆ ಹೇಳಿ

ಬೆಂಗಳೂರಿನಲ್ಲಿ ಗೈಡ್ ಜೊತೆ ಫುಡ್ ವಾಕ್, ಅಂದರೆ ಬೀದಿ ಸುತ್ತುತ್ತಾ ತಿಂಡಿ ಸವಿಯಲು ಹೋಗುವ ವೀಗನ್ನರಿಗೆ (ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲಿನ ಪದಾರ್ಥವನ್ನೂ ತಿನ್ನದವರಿಗೆ) ಒಂದು ಸಲಹೆ. 'ವೀಗನ್' ಅಂತ ಹೇಳಿ ಸುಮ್ಮನಾಗಬೇಡಿ. 'ಹಾಲು, ಮೊಸರು, ಬೆಣ್ಣೆ, ತುಪ್ಪ ಬೇಡ, ಎಣ್ಣೆ ಸಾಕು' ಎಂದು ಬಿಡಿಸಿ ಹೇಳಿ. ಗೈಡ್ ಅದನ್ನು ಹಿಟ್ಟು ಕಾವಲಿಗೆ ಬೀಳುವ ಮೊದಲೇ ಅಡುಗೆಯವರಿಗೆ ದಾಟಿಸಲಿ. ನಮ್ಮಲ್ಲಿ ಸಸ್ಯಾಹಾರ ಅಂದರೆ ಹಾಲು, ತುಪ್ಪ ಎಲ್ಲ ಸೇರಿದ್ದೇ ಅಲ್ವಾ? ಆದರೆ ಇಡ್ಲಿ, ದೋಸೆ ಹಿಟ್ಟು ಬರೀ ಅಕ್ಕಿ, ಉದ್ದು. ಬೆಣ್ಣೆ, ತುಪ್ಪ ಬೀಳುವುದು ಕೊನೆಗೆ, ಮೇಲಿನಿಂದ. ಅದನ್ನು ತಡೆದರೆ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ತಿನ್ನಲು ಬೇಕಾದಷ್ಟಿದೆ. ಮೊದಲೇ ಬೆರೆಸಿಟ್ಟ ತಿಂಡಿಗೆ ಈ ಉಪಾಯ ನಡೆಯದು: ರವೆ ಇಡ್ಲಿಯಲ್ಲಿ ಮೊಸರು, ಕೇಸರಿಬಾತ್, ಮೈಸೂರು ಪಾಕಿನಲ್ಲಿ ತುಪ್ಪ. ಖಾರಾಬಾತ್, ಬಿಸಿಬೇಳೆ ಬಾತ್ ಕೇಳಿಯೇ ತಿನ್ನಿ. ಹೋಳಿಗೆಯನ್ನು ತುಪ್ಪ ಸವರಿ ಬೇಯಿಸುವವರೇ ಜಾಸ್ತಿ. ಚಟ್ನಿಗೂ ಕೆಲವರು ಮೊಸರು ಬೆರೆಸುತ್ತಾರೆ. ಶನಿವಾರ, ಭಾನುವಾರ ಸಂಜೆ ನೂಕುನುಗ್ಗಲು. ಬೆಣ್ಣೆ ದೋಸೆ ಹುಯ್ದ ಕಾವಲಿಯಲ್ಲೇ ನಿಮ್ಮದೂ ಬೇಯುತ್ತದೆ. ಅಷ್ಟು ಕಟ್ಟುನಿಟ್ಟು ಇದ್ದರೆ ಇಡ್ಲಿಯೇ ಸರಿ, ಇಲ್ಲವೇ ವಾರದ ಮಧ್ಯೆ ಹೋಗಿ. ಕಾಫಿಗೆ ಮಾತ್ರ ದಾರಿ ಕಡಿಮೆ. ಡಿಕಾಕ್ಷನ್‌ಗೆ ಬಿಸಿನೀರು, ಸಕ್ಕರೆ ಹಾಕಿಸಿಕೊಳ್ಳಬಹುದು, ನನಗಂತೂ ಅದು ಅಷ್ಟಕ್ಕಷ್ಟೆ.